ಬಣ್ಣದವರಲ್ಲಿ ರಜೆ ಎಂದರೆ

ಮೊದಲ ದಿನ ಹೆಡ್ಲಿ ಕಿಯರ್ಲಿ ನನಗೆ ಕುಂಚ ಕೊಡಲಿಲ್ಲ,
ತಗಡಿನ ಬಾಚಣಿಗೆಯೊಂದನ್ನು ಕೊಟ್ಟ.
ತಲೆಗಲ್ಲ ಮಾರಾಯ್ತಿ, ಹಸಿ ಬಣ್ಣಕ್ಕೆ.
ನೆಟ್ಟಗೆ ಊರು, ಎತ್ತು,
ಯಾವ ಹಲ್ಲಿನವರೆಗೆ ಹತ್ತಿದೆ ನೋಡು:
ಅಷ್ಟೇ ದಪ್ಪ ನಮ್ಮ ಇವತ್ತಿನ ದುಡಿಮೆ.

ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣ ದಂಡೆ. ಜೂನ್.
ಕೊಲ್ಲಿಯಿಂದೆದ್ದ ಮಂಜು
ಕಬ್ಬಿಣದ ಮೈಮೇಲೆ ಬೆವರಾಗುವ ಹಂತಕ್ಕೆ
ಇಬ್ಬನಿ ಬಿಂದು ಎಂದು ಹೆಸರು.
ಕಬ್ಬಿಣ ಅದಕ್ಕಿಂತ ಮೂರು ಡಿಗ್ರಿ ಬೆಚ್ಚಗಿದ್ದರೆ ಕೆಲಸ,
ಇಲ್ಲದಿದ್ದರೆ ಚಹಾ.
ನಾವು ಬಹಳ ಚಹಾ ಕುಡಿದೆವು.

ಅವನ ಶಬ್ದಗಳೆಲ್ಲ ಆ ಚಹಾದ ಜೊತೆಗೇ ಬಂದವು.

ಎರಡು ಡಬ್ಬಿ ಬೆರೆಸಿದೆಯೋ,
ಅಲ್ಲಿಂದ ಶುರು ಪಾತ್ರೆಯ ಆಯುಷ್ಯ.
ತಂಪಿದ್ದರೆ ನಾಲ್ಕು ತಾಸು, ಬಿಸಿಲು ಬಿದ್ದರೆ ಎರಡು.
ಆಮೇಲೆ ಕಲಕುವ ಕೋಲು ಒಳಗೇ ನಿಂತುಬಿಡುತ್ತದೆ,
ಜಗಳದ ನಡುವೆ ಸತ್ತ ಗಂಡನ ಹಾಗೆ,
ಎಂದು ನಕ್ಕಳು ಕ್ರೇನಿನ ಬ್ರೈಡಿ,
ಗಂಡ ಸತ್ತು ಹನ್ನೊಂದು ವರ್ಷವಾದವಳು.

ಪರದೆ: ದಪ್ಪ ಹೊಡೆದೆ,
ಬಣ್ಣ ತನ್ನ ಭಾರಕ್ಕೆ ತಾನೇ ಜಾರಿ ಮಡಿಕೆಬಿತ್ತು.
ಮನೆಗೆ ಬೇಕಿದ್ದರೆ ಪೇಟೆಯಲ್ಲಿ ಕೊಂಡುಕೋ ಎಂದು
ಒಂದಿಡೀ ಮಧ್ಯಾಹ್ನ ನನ್ನಿಂದಲೇ ಉಜ್ಜಿಸಿದ.

ಕಿತ್ತಳೆ ಸಿಪ್ಪೆ: ಗನ್ನಿನ ಒತ್ತಡ ಸಾಲದೆ
ಮೈಯೆಲ್ಲ ಸಣ್ಣ ಸಣ್ಣ ಗುಳಿ.
ಅವನ ಬಾಲ್ಯದಲ್ಲಿ ಕಿತ್ತಳೆ ವರ್ಷಕ್ಕೊಂದೇ,
ಕ್ರಿಸ್‌ಮಸ್ಸಿಗೆ, ಕಾಲುಚೀಲದ ತುದಿಯಲ್ಲಿ.
ಸಿಪ್ಪೆಯನ್ನು ಮಾರ್ಚ್‌ವರೆಗೂ ಮೂಸುತ್ತಿದ್ದನಂತೆ.
ಈ ಒಂದು ದೋಷ ಬೈಯುವಾಗ ಅವನ ದನಿ ಏರುತ್ತಿರಲಿಲ್ಲ.

ಮೊಸಳೆ ಚರ್ಮ ಎಂದಾಗ
ಮೊಸಳೆ ಕಂಡಿದ್ದೀಯಾ, ಎಂದೆ.
ಬಣ್ಣದಲ್ಲಿ, ಎಂದ.

ಮೀನ್ಗಣ್ಣು ಎಂದರೆ
ಒಂದು ತೊಟ್ಟು ಎಣ್ಣೆ, ಬೆರಳಿನ ಜಿಡ್ಡು,
ಅದರಿಂದ ಬಣ್ಣ ಹಿಂಜರಿದು ದುಂಡಗೆ ಬಿಟ್ಟ ಬಯಲು,
ನಡುವೆ ರೆಪ್ಪೆಯಿಲ್ಲದ ನೋಟ.
ಹೆಡ್ಲಿ ಇಪ್ಪತ್ತೆರಡು ವರ್ಷ ಕಾಡ್ ಮೀನು ಹಿಡಿದವನು.
ತೊಂಬತ್ತೆರಡರಲ್ಲಿ ಸರ್ಕಾರ ಆ ಮೀನಿಗೆ ಬೀಗ ಹಾಕಿ
ತರಬೇತಿಯ ಚೀಟಿ ಕೊಟ್ಟಿತು, ಒಂದು ಮುಖವಾಡ,
ಒಂದು ಸ್ಪ್ರೇ ಗನ್.
ನೀರಲ್ಲಿ ಒಂದೂ ಇಲ್ಲ, ಎಂದ,
ಇಲ್ಲಿ ನೋಡು, ತಗಡಿನ ತುಂಬ ಕಣ್ಣು.

ಸೆಪ್ಟೆಂಬರಿನಲ್ಲಿ ಹಳಿಯೇರಿ ಬಂತು
ಅಟ್ಲಾಂಟಿಕ್ ಡಿವಿಡೆಂಡ್ ಎಂಬ ಏಡಿ ದೋಣಿ, ಅರವತ್ತೈದು ಅಡಿ.
ಮುಂಬದಿಯ ತುಕ್ಕು ಉಜ್ಜಿ
ಅಂಚನ್ನು ಗರಿಯಂತೆ ತೆಳುಮಾಡುತ್ತಿದ್ದೆ;
ಬಿಳಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಬೂದಿ,
ಬೂದಿಯ ಕೆಳಗೆ ಹಸಿರು.
ಹಸಿರು ಕಾಣುತ್ತಲೇ ಅವನು ತನ್ನ ಯಂತ್ರ ನಿಲ್ಲಿಸಿದ.
ಬೆಸುಗೆಯಲ್ಲಿ ಎಬ್ಬಿಸಿದ ಅಕ್ಷರಗಳು,
ಯಾರೋ ಸವೆಸಲು ಹೋಗಿ ಅರ್ಧಕ್ಕೆ ಬಿಟ್ಟದ್ದು:
ಡ್ರೂಸಿಲ್ಲಾ ಕೆ.
ನಾನು ಕೇಳಲಿಲ್ಲ. ಅವನ ತಾಯಿಯ ಗೋರಿಕಲ್ಲು ಕಂಡಿದ್ದೆ.

ಬಿಳಿಗೆ ಮರೆಸುವ ಶಕ್ತಿ ಕಡಿಮೆ, ಎಂದಷ್ಟೇ ಅಂದ,
ಮೂರು ಲೇಪ ಬೇಕು.

ಇನ್ನು ರಜೆ. ಕುಂಚ ತಪ್ಪಿಸಿಕೊಂಡು ಹೋದ ಜಾಗ,
ಬರಿಗಣ್ಣಿಗೆ ಸಿಕ್ಕದ್ದು.
ಅದನ್ನು ಹುಡುಕಲು ಸೇಂಟ್ ಜಾನ್ಸ್‌ನಿಂದ ಬರುತ್ತಾನೆ ತಪಾಸಣೆಯವನು,
ಒದ್ದೆ ಸ್ಪಂಜು, ತಂತಿ, ಒಂದು ಪೆಟ್ಟಿಗೆ.
ಕಬ್ಬಿಣ ಬೆತ್ತಲೆಯಿದ್ದಲ್ಲಿ ಪೆಟ್ಟಿಗೆ ಕೂಗುತ್ತದೆ.
ಇಷ್ಟು ವರ್ಷದಲ್ಲಿ ಹೆಡ್ಲಿ ಬಳಿದದ್ದರ ಮೇಲೆ
ಅದು ಕೂಗಿದ್ದೇ ಇಲ್ಲ ಎನ್ನುತ್ತಿದ್ದರು.
ಮುಂಬದಿಯಲ್ಲಿ, ನನ್ನ ಎದೆಯೆತ್ತರಕ್ಕೆ, ಕೂಗಿತು.
ಹೆಬ್ಬೆಟ್ಟಿನಷ್ಟು ಜಾಗ, ಮೂರು ಲೇಪದಲ್ಲೂ ಅದೇ ಜಾಗ.

ರಜೆ, ಎಂದ ತಪಾಸಣೆಯವನು, ಸೀಮೆಸುಣ್ಣದಲ್ಲಿ ಸುತ್ತು ಬರೆದು.
ಹೌದು, ಎಂದ ಹೆಡ್ಲಿ, ಟೋಪಿ ಸರಿಮಾಡಿಕೊಂಡು,
ಬಾಕಿಯಿತ್ತು.

ತೇಪೆ ನನ್ನ ಪಾಲಿಗೆ ಬಂತು.
ಪಾತ್ರೆ ಹಿಡಿದು ಅದರ ಆಯುಷ್ಯ ಮುಗಿಯುತ್ತ ಬರುವವರೆಗೂ ನಿಂತೆ.
ಬ್ರೈಡಿ ಮೇಲಿನಿಂದ ನೋಡುತ್ತಿದ್ದಳು, ಏನೂ ಹೇಳಲಿಲ್ಲ.
ಬಾಚಣಿಗೆ ಜೇಬಲ್ಲೇ ಇತ್ತು, ಊರಲಿಲ್ಲ.
ಪೆಟ್ಟಿಗೆ ಸುಮ್ಮನಾಗುವಷ್ಟು ಹಚ್ಚಿದೆ,
ಅದಕ್ಕಿಂತ ಒಂದೆಳೆ ಹೆಚ್ಚಿಲ್ಲ.
ಉಪ್ಪುನೀರಿಗೆ ಒಂದೆರಡು ಚಳಿಗಾಲ ಸಾಕು.